ನೆರಳುಗಳ್ಳಿ ಎನ್ನಿಸಿಕೊಂಡ ಶಾಂತವೀರಮ್ಮನವರ ಪರವಾಗಿ

ಕಲ್ಲೂರುಪೇಟೆ, ಕ್ರಿ.ಶ. ೨೧೮೯, ಫೆಬ್ರವರಿ ಮೂವತ್ತು, ಸೋಮವಾರ. ನಮ್ಮಲ್ಲಿ ಫೆಬ್ರವರಿಗೆ ಎರಡು ದಿನ ಸೇರಿಸಿದ್ದಾರೆ; ಸಂಬಳ ಸೇರಿಸಿಲ್ಲ.

ಪೂಜ್ಯ ಮುತ್ತಜ್ಜ, ಮುತ್ತಜ್ಜಿಯರಿಗೆ,

ಇಗಾಲಿ ಸವಾರರ ಸಂಘದ ಕಾರ್ಯದರ್ಶಿ ದೇವೀರಪ್ಪನ ಸಾಷ್ಟಾಂಗ ನಮಸ್ಕಾರಗಳು. ಇಗಾಲಿ ಎಂದರೆ ನಿಮ್ಮ ಬೈಕು. ನನ್ನ ಕನ್ನಡ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೂರೈವತ್ತು ವರ್ಷ ಅದನ್ನು ಬರೀ ಸರ್ಕಾರಿ ನೋಟೀಸುಗಳಲ್ಲಿ ದುಡಿಸಿದ್ದಾರೆ. ಕುಶಲ ಕೇಳಲು ಪುರುಸೊತ್ತಿಲ್ಲ. ಗುರುವಾರದೊಳಗೆ ನೀವು ನಮಗೊಂದು ಉಪಕಾರ ಮಾಡಬೇಕು.

ನಮ್ಮ ಪೇಟೆಯಲ್ಲಿ ಗಾಡಿ ನಿಲ್ಲಿಸಿದರೆ ನೆರಳುಸುಂಕ. ಗಾಡಿಯ ನೆರಳು ರಸ್ತೆಯ ಮೇಲೆ ಎಷ್ಟುದ್ದ ಬೀಳುತ್ತದೋ ಅಷ್ಟು ತೆರಬೇಕು. ಕಾರುಗಳಿಗೆ ಮಾಫಿ, ಗಣ್ಯರ ನೆರಳು ಊರಿಗೆ ತಂಪು ಎಂದು ಠರಾವಾಗಿದೆ. ಬೆಳಿಗ್ಗೆ ಎಂಟಕ್ಕೆ ಬಂದವನ ನೆರಳು ಎದುರಂಗಡಿಯ ಗಲ್ಲಾಪೆಟ್ಟಿಗೆ ಮುಟ್ಟುವುದರಿಂದ, ಸೊಪ್ಪು ಕೊಳ್ಳಲೂ ಊರಿಗೆ ಊರೇ ಮಟಮಟ ಮಧ್ಯಾಹ್ನ ಬರುತ್ತದೆ. ಕಟ್ಟಡದ ನೆರಳೊಳಗೆ ನಿಂತ ಗಾಡಿಗೆ ಸ್ವಂತ ನೆರಳಿಲ್ಲ, ಹಾಗಾಗಿ ಸುಂಕವೂ ಇಲ್ಲ.

ಈ ಸುಂಕಕ್ಕಿಂತ ಹಳೆಯ ಪದ್ಧತಿಯೊಂದು ನಮ್ಮ ಸವಾರರಲ್ಲಿದೆ. ನಾವು ಹ್ಯಾಂಡಲ್ ಲಾಕ್ ಮಾಡುವುದಿಲ್ಲ. ಬಿಸಿಲು ಸರಿದಂತೆ, ಹತ್ತಿರ ಇದ್ದವರು ಯಾರದೇ ಗಾಡಿಯಾದರೂ ನೆರಳಿಗೆ ತಳ್ಳುತ್ತಾರೆ. ಬಂದು ಕೂತವನ ತೊಡೆ ಸುಡಬಾರದು, ಅಷ್ಟೇ.

ಶಾಂತವೀರಮ್ಮನವರಿಗೆ ಅರವತ್ತೆರಡು. ಆಸ್ಪತ್ರೆಯ ಬಾಣಂತಿಯರಿಗೆ ದಿನಾ ತಮ್ಮ ಇಗಾಲಿಯಲ್ಲಿ ಊಟ ಒಯ್ಯುವವರು. ಅವತ್ತು ದರ್ಜಿ ಖಲಂದರ್ ಸಾಹೇಬರ ಗಾಡಿ ಬಿಸಿಲಿಗೆ ಬಿದ್ದದ್ದು ಕಂಡು ತಳ್ಳಿದರು. ನೆರಳು ನಿರೀಕ್ಷಕ ಪದ್ಮರಾಜಯ್ಯನವರ ಕ್ಯಾಮೆರಾ ಕಂಡಿತು. ಮರುದಿನ ಊರ ತುಂಬ ಅವರ ಮುಖದ ಫಲಕ: ‘ನೆರಳುಗಳ್ಳಿ. ಪುಂಡ ಸವಾರರ ನಾಯಕಿ. ಎಚ್ಚರಿಕೆ.’ ಖಲಂದರ್ ಸಾಹೇಬರು ಕಚೇರಿಗೆ ಹೋಗಿ, “ಸ್ವಾಮಿ, ಗಾಡಿ ನಂದೇ, ಅಕ್ಕ ತಳ್ಳಿದ್ದು ಉಪಕಾರ ಆಯ್ತು” ಅಂದರೆ, ಪದ್ಮರಾಜಯ್ಯನವರು, “ನೀವು ನೊಂದವರು, ನಿಮಗೆ ತಿಳಿಯಲ್ಲ, ಸುಮ್ನಿರಿ” ಎಂದು ಕಳಿಸಿದರು. ಶಾಂತವೀರಮ್ಮ ಫಲಕ ನೋಡಿ, “ಮದುವೆ ಆದ್ಮೇಲೆ ಯಾರೂ ನನ್ನ ಫೋಟೋ ಹಿಡಿದಿರ್ಲಿಲ್ಲ ಕಣಪ್ಪ” ಅಂದರು. ನಕ್ಕೆವು. ಆಮೇಲೆ ಫಲಕ ಆಸ್ಪತ್ರೆಯ ಗೇಟಿಗೂ ಬಂತು. ಒಂಬತ್ತು ದಿನದಿಂದ ಕಾವಲಿನವನು ಒಳಗೆ ಬಿಡುತ್ತಿಲ್ಲ. ಬುತ್ತಿ ಬಿಸಿಯಾಗಿ ಹೋಗಿ ತಣ್ಣಗೆ ವಾಪಸು ಬರುತ್ತಿದೆ.

ಸುಂಕವೂ ಹೋಗಲಿ, ಫಲಕವೂ ಹೋಗಲಿ ಎಂದು ಶನಿವಾರ ಪ್ರತಿಭಟಿಸಿದೆವು. ಧಿಕ್ಕಾರ ಕೂಗಲಿಲ್ಲ, ಟೈರು ಸುಡಲಿಲ್ಲ. ಕಾನೂನು ಹೇಳಿದಂತೆಯೇ ಇನ್ನೂರು ಮಂದಿ ಹ್ಯಾಂಡಲ್ ಲಾಕ್ ಮಾಡಿ, ಗಾಡಿಗಳನ್ನು ಬಿಸಿಲಲ್ಲೇ ಬಿಟ್ಟು, ಕಚೇರಿಯ ಮುಂದೆ ಮೂರು ಗಂಟೆ ಕೂತೆವು. ಉಪಾಯ ನನ್ನದೇ. ಎದ್ದು ಬಂದರೆ ಒಂದೊಂದು ಸೀಟೂ ಕಾದ ದೋಸೆ ಕಾವಲಿ. ಕೂರುವುದುಂಟೆ? ಇನ್ನೂರು ಮಂದಿಯೂ ನಿಂತುಕೊಂಡೇ ಗಾಡಿ ಓಡಿಸಿ ಮನೆ ಸೇರಿದೆವು. ಸಂಜೆ ಪ್ರಕಟಣೆ ಹೊರಟಿತು: ‘ಸವಾರರು ಆಕ್ರಮಣದ ಭಂಗಿಯಲ್ಲಿ ಎದ್ದುನಿಂತು ನಾಗರಿಕರನ್ನು ಬೆದರಿಸಿದರು.’ ಸಂಘದವರು ಈಗ ನನ್ನನ್ನು ಮಾತಾಡಿಸುತ್ತಿಲ್ಲ, ನಿಂತು ಓಡಿಸಿ ಸೊಂಟ ಹಿಡಿದು ಮಲಗಿದ್ದಾರೆ.

ಗುರುವಾರ ವಿಚಾರಣೆ. ತಳ್ಳುವ ಪದ್ಧತಿ ಸುಂಕ ತಪ್ಪಿಸಲೆಂದೇ ಹುಟ್ಟಿದ್ದು ಎನ್ನುತ್ತಾರೆ ಪದ್ಮರಾಜಯ್ಯ. ಸುಂಕಕ್ಕೆ ಮೊದಲೂ ಇತ್ತೆಂದು ಒಂದು ಬರಹ ತೋರಿಸಿದರೆ ಫಲಕ ಇಳಿಸುತ್ತಾರಂತೆ. ಹಳೆಯ ಕಾಗದಗಳನ್ನೆಲ್ಲ ಜಾಲಾಡಿದೆವು. ನಿಮ್ಮ ಕಾಲದವರು ಪೆಟ್ರೋಲಿನ ಬೆಲೆ ಬರೆದಿದ್ದೀರಿ, ಹೆಲ್ಮೆಟ್ಟಿನ ದಂಡಕ್ಕೆ ಶಾಪ ಬರೆದಿದ್ದೀರಿ, ಹೊಸ ಬೈಕಿನ ಮುಂದೆ ನಿಂಬೆಹಣ್ಣಿನ ಸಮೇತ ನಿಂತ ಫೋಟೋ ಇಟ್ಟಿದ್ದೀರಿ. ಗುರುತಿಲ್ಲದವನ ಗಾಡಿಯನ್ನು ನೆರಳಿಗೆ ತಳ್ಳಿದ್ದನ್ನು ಮಾತ್ರ ಒಬ್ಬರೂ ಬರೆದಿಲ್ಲ. ಬರೆದಿಡುವಂಥ ಕೆಲಸ ಅನ್ನಿಸಿರಲಿಕ್ಕಿಲ್ಲ.

ದಯವಿಟ್ಟು ಬರೆಯಿರಿ. ಕರೆಂಟ್ ಬಿಲ್ಲಿನ ಹಿಂದೆಯಾದರೂ ಸರಿ. ಇಂಥ ದಿನ, ಇಂಥ ಬೀದಿ, ಯಾರದೋ ಗಾಡಿ ಬಿಸಿಲಲ್ಲಿತ್ತು, ತಳ್ಳಿದೆ ಎಂದು ಬರೆದು ಸಹಿ ಹಾಕಿ, ಹುಳ ಹಿಡಿಯದ ಕಡೆ ಇಡಿ. ಇಲ್ಲಿಯವರೆಗೆ ತಳ್ಳದವರು ಇವತ್ತೇ ಹೋಗಿ ಒಂದು ತಳ್ಳಿ ಬಂದು ಬರೆಯಿರಿ. ಸುಳ್ಳು ಸಾಕ್ಷಿ ನಮಗೆ ಬೇಡ. ನಮಗಿರುವುದು ಮೂರು ದಿನ. ನಿಮ್ಮ ಕೈಯಲ್ಲಿ ನೂರರವತ್ತು ವರ್ಷವಿದೆ, ಅದೇ ನನ್ನ ಭಯ.

ನಿಮ್ಮ ಮರಿಮಗ,
ದೇವೀರಪ್ಪ