ಚಿತ್ರಾಳ ಕಾಮಣಿ

ನಿಖಿತಾಳ ರೂಮು, ಬಾಲಾನಗರ
೯ ಆಗಸ್ಟ್ ೨೦೨೪, ಶುಕ್ರವಾರ

ಅವ್ವ,

ಶರಣು. ಫೋನ್ ಮಾಡಿದರೆ ಅರ್ಧಕ್ಕೇ ಕಟ್ ಮಾಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಗೆಳತಿ ನಿಖಿತಾಳ ಕೈಗೆ ಕೊಟ್ಟು ಕಳಿಸುತ್ತೇನೆ. ಪೂರ್ತಿ ಓದು.

ಮಿಲಿಟರಿ ಆಸ್ಪತ್ರೆಯವರು ನನ್ನನ್ನು ಅನ್‌ಫಿಟ್ ಮಾಡಿದ್ದಾರೆ. ಬರೆಯುವ ಪರೀಕ್ಷೆ ಪಾಸಾಗಿದ್ದೆ. ಐದು ದಿನದ ಸಂದರ್ಶನದಲ್ಲಿ ಗೋಡೆ ಹಾರಿದೆ, ಹಗ್ಗ ಹತ್ತಿದೆ, ಸೈನ್ಯದಲ್ಲಿ ಆಫೀಸರಾಗಲು ಲಾಯಕ್ಕು ಎನಿಸಿಕೊಂಡೆ. ಕೊನೆಗೊಂದು ಫಾರಂ. ಹಿಂದೆ ಮಾನಸಿಕ ಕಾಯಿಲೆ ಇತ್ತೇ? ಹೌದು ಎಂದು ಬರೆದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಖಿನ್ನತೆ, ಹದಿನಾಲ್ಕು ತಿಂಗಳ ಗುಳಿಗೆ, ಈಗ ನಾಲ್ಕು ವರ್ಷದಿಂದ ಏನೂ ಇಲ್ಲ. ಡಾಕ್ಟರು ತಲೆ ಎತ್ತದೆ ಠಸ್ಸೆ ಒತ್ತಿದರು. ಜೊತೆಗಿದ್ದ ಲಹರಿಯ ಮೊಣಕೈ ಎಲುಬು ಮುರಿದು ಕೂಡಿದ್ದು, ಅವಳು ಫಿಟ್. ಎಲುಬು ಕೂಡುತ್ತದೆ ಎಂದು ನಂಬುವವರಿಗೆ ಮನಸ್ಸು ಕೂಡಬಾರದೇ?

ಅವರ ಮೇಲಿನ ಸಿಟ್ಟು ಮೇಲ್ಮನವಿಯಲ್ಲಿದೆ. ನಿನ್ನ ಮೇಲಿನದು ಇಲ್ಲಿದೆ.

ಹೊರಡುವಾಗ ನೀನು, "ಕೇಳಿದ್ರ ಕಾಮಣಿ ಆಗಿತ್ತು ಅಂತ ಬರಿ, ಕಾಮಣಿ ಎಲ್ಲಾ ಮಂದಿಗೂ ಆಗ್ತೈತಿ" ಎಂದಿದ್ದಿ. ನಾನು ಗೋಡೆಗೆ ಮುಖ ಮಾಡಿ ಮಲಗಿದ ಏಳು ತಿಂಗಳೂ ಓಣಿಗೆಲ್ಲ ಅದೇ ಅರಿಶಿಣ ಕಾಮಾಲೆಯ ಕಥೆ ಹೇಳಿದ್ದಿ. ಪಕ್ಕದ ಮನೆಯ ಶಿವದೇವಿ ಚಿಗವ್ವ ಪಾಪ ನಂಬಿ, ಯಾವುದೋ ಬೇರು ಅರೆದು ಕುಡಿಸಿದಳು, ಎಣ್ಣೆ ಖಾರ ಬಿಡಿಸಿದಳು. ಇಲ್ಲದ ಕಾಮಣಿಗೆ ಪಥ್ಯ ಮಾಡಿದೆ. ಇದ್ದ ಕಾಯಿಲೆಗೆ ಮನೆಯಲ್ಲಿ ಹೆಸರೇ ಇರಲಿಲ್ಲ!

ಎರ್ರಗಡ್ಡ ಎಂದರೆ ಈ ಊರಲ್ಲಿ ಹುಚ್ಚಾಸ್ಪತ್ರೆ ಎಂದೇ ಲೆಕ್ಕ, ಜಗಳ ಬಂದರೆ ಬೈಯಲಿಕ್ಕೂ ಅದೇ ಮಾತು. ಅದಕ್ಕೇ ನನ್ನನ್ನು ಅಲ್ಲಿಗೆ ಚಿಕಿತ್ಸೆಗೆ ಕರೆದೊಯ್ಯುವಾಗ ನೀನು ಕಂಡಕ್ಟರನಿಗೆ "ಈಎಸ್‌ಐ, ರೆಂಡು" ಎಂದು ಮುಂದಿನ ಸ್ಟಾಪಾದ ಕಾರ್ಮಿಕರ ಆಸ್ಪತ್ರೆಗೆ ಎರಡು ಟಿಕೆಟ್ ತೆಗೆಸಿ, ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆಸುತ್ತಿದ್ದಿ. ಕಾಲು ಎತ್ತಿಡಲಾಗದ ನನ್ನನ್ನು! ಅತ್ತರೆ, "ಸುಮ್ನ ನಡಿ, ಯಾರರ ನೋಡ್ತಾರ" ಎನ್ನುತ್ತಿದ್ದಿ.

ಜೀಡಿಮೆಟ್ಲಾದ ಔಷಧ ಕಂಪನಿಯಲ್ಲಿ ದಿನಕ್ಕೆ ಎಂಟು ತಾಸು ನಿಂತು ನಾನು ನುಂಗಿದಂಥದೇ ಗುಳಿಗೆ ಡಬ್ಬಿಗೆ ತುಂಬುತ್ತೀಯಲ್ಲ, ಅವನ್ನು ನುಂಗುವವರಿಗೆಲ್ಲ ಕಾಮಣಿಯೇ? ಮುಷ್ಕರದಲ್ಲಿ ಗೇಟಿನ ಮುಂದೆ ಮೈಕ್ ಹಿಡಿದು, "ಹೆದರಾಕ ನಾವೇನು ಕದ್ದೀವೇನ್ರಿ?" ಎಂದು ಮ್ಯಾನೇಜರನ ಬೆವರಿಳಿಸಿದವಳು ನೀನು. ನಾನೇನು ಕದ್ದಿದ್ದೆ, ಅವ್ವ?

ಈಗ ಕೆಲಸದ ಮಾತು. ಮೇಲ್ಮನವಿಗೆ ಚಿಕಿತ್ಸೆ ಮುಗಿದ ಕಾಗದ ಬೇಕು, ಗಡುವಿಗೆ ಹದಿನೈದು ದಿನ ಉಳಿದಿದೆ. ಮನೆಯಲ್ಲಿದ್ದ ಚೀಟಿಗಳನ್ನು ನೀನೇ ಹರಿದು ಹಾಕಿದ್ದೀ. ಮೊನ್ನೆ ಎರ್ರಗಡ್ಡ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ದಾಖಲೆಯಲ್ಲಿ ಉಮಾಶ್ರೀ ಎಂಬ ನಾನೇ ಇಲ್ಲ. ಇರುವವಳು ಚಿತ್ರಾ, ನೀನು ಬರೆಸಿದ ಹೆಸರು. ಮುಂದೆ ನನ್ನ ಮದುವೆಗೆ ಅಡ್ಡ ಬರಬಾರದೆಂದು ಸುಳ್ಳು ಹೆಸರು ಬರೆಸಿದ್ದಿ. ಚಿತ್ರಾಳ ಕಾಗದ ಉಮಾಶ್ರೀಗೆ ಕೊಡುವುದಿಲ್ಲವಂತೆ. "ಅಂದು ಸಹಿ ಮಾಡಿದವರೇ ಬಂದು ಬರೆದುಕೊಡಲಿ" ಎಂದರು ಕಿಟಕಿಯಲ್ಲಿದ್ದ ಕಮಲಾಕ್ಷಿ ಮೇಡಂ.

ಅಂದು ಸಹಿ ಮಾಡಿದವಳು ನೀನು. ಸೋಮವಾರ ರಜೆ ಹಾಕು. ಹತ್ತು ಗಂಟೆಗೆ ಕಿಟಕಿಯ ಮುಂದೆ ನಿಂತು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳು: ಈಕಿ ಚಿತ್ರಾ ಅಲ್ಲ, ನನ್ನ ಮಗಳು ಉಮಾಶ್ರೀ, ಇಲ್ಲೇ ಔಷಧ ತಗೊಂಡು ಆರಾಮಾಗ್ಯಾಳ ಅಂತ. ನೀನು ಬರದಿದ್ದರೆ ನನ್ನ ಮೇಲ್ಮನವಿ ಸತ್ತಂತೆ.

ನಿನ್ನ ಮಗಳು
ಉಮಾಶ್ರೀ

ತಾ.ಕ.: ಮೇಲೆ ಒಂದು ಕಡೆ ಪೂರ್ತಿ ನಿಜ ಬರೆದಿಲ್ಲ. ಫಾರಂನಲ್ಲಿ ಮೊದಲು 'ಇಲ್ಲ' ಎಂದೇ ಬರೆದಿದ್ದೆ, ಕಾಮಣಿಯ ಮುಂದೆ 'ಹೌದು'. ಎಷ್ಟು ದಿನ ಇತ್ತು, ಯಾವ ಆಸ್ಪತ್ರೆ ಎಂದು ಡಾಕ್ಟರು ಕೇಳಿದಾಗ, "ಈಎಸ್‌ಐ" ಎಂದ ನನ್ನ ದನಿ ಥೇಟ್ ನಿನ್ನದೇ ಆಗಿತ್ತು. ಅಲ್ಲೇ ಫಾರಂ ವಾಪಸ್ ಕೇಳಿ ಎರಡನ್ನೂ ಹೊಡೆದು ಹಾಕಿ ನಿಜ ಬರೆದೆ. ತಿದ್ದಿದ ಕಡೆ ಸಹಿ ಹಾಕಿಸಿಕೊಂಡರು. ಮೇಲ್ಮನವಿಯಲ್ಲಿ ಇದನ್ನೂ ಬರೆದಿದ್ದೇನೆ. ಬೈಯಬೇಕೆಂದಿದ್ದರೆ ಸೋಮವಾರ ಬಂದು ಎದುರಿಗೇ ಬೈ.