ಪಿನ್ ಕೂತ ತೂತು ಲೆಕ್ಕಕ್ಕಿಲ್ಲ

ಪಾರ್ಟ್ನರ್ ಯೂಸುಫ್,

ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡದ್ದು ಇನ್ನೂ ಮರೆತಿಲ್ಲ. ಎಂದೋ ಮಿಲ್ಲಿಂಗ್ ಮೆಷಿನ್ನಿನ ಕಟರ್ ತಿಂದುಹಾಕಿದ ನಿನ್ನ ತೋರುಬೆರಳಿನ ಮೋಟು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. “ಮುನಿರಾಜು, ನನ್ ಮಗಳು ಶೆಡ್ ಕಡೆ ಬರ್ಬಾರ್ದು. ಬಂದ್ರೂ ನೀನು ಬಿಡ್ಬಾರ್ದು. ಮಾತು ಕೊಡು” ಅಂದೆ ನೀನು. ನಾನು ಕೊಟ್ಟೆ. ನಿನ್ನ ಹೆಂಡತಿ ಜುಬೇದಾ ಭಾಭಿ ಅಲ್ಲೇ ಪಕ್ಕದಲ್ಲಿದ್ದರು. ಮರುದಿನ ನೀನಿರಲಿಲ್ಲ.

ಮಗಳು ನಾಜ್ನೀನ್ ಮರ್ಫಿ ಟೌನಿನ ನಮ್ಮ ಶೆಡ್ಡಿಗೆ ಬಂದದ್ದು ನಿನ್ನ ಕನ್ನಡಕ, ಟಿಫಿನ್ ಡಬ್ಬಿ ತೆಗೆದುಕೊಂಡು ಹೋಗಲು. ಇಂದಿರಾನಗರದ ಶೋರೂಮಿನ ಕೆಲಸ ಮುಗಿಸಿ ನೇರವಾಗಿ ಬಂದಿದ್ದಳು. ನಿನ್ನ ಕೊನೆಯ ಕೆಲಸ, ಹಲ್ಲಿನಿಂದ ಹಲ್ಲಿಗೆ ಗೇರನ್ನು ಅಳೆದು ತಿರುಗಿಸುವ ಡಿವೈಡಿಂಗ್ ಹೆಡ್ಡಿನಲ್ಲಿ ಹಾಗೇ ನಿಂತಿತ್ತು. ಕುಕ್ ಟೌನ್ ಬೇಕರಿಯ ಹಿಟ್ಟು ನಾದುವ ಮೆಷಿನ್ನಿನ ಗೇರು, ಅರ್ಧ ಸುತ್ತು ಮಾತ್ರ ಹಲ್ಲು ಬಿದ್ದಿತ್ತು. ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಬೇಕರಿಯವನು ಕೈಯಲ್ಲೇ ನಾದುತ್ತಿದ್ದ. ಪಾಪ, ಕೇಳಲು ಅವನಿಗೂ ಸಂಕೋಚ.

“ಒಂದೊಂದು ಹಲ್ಲಿಗೂ ಹ್ಯಾಂಡಲ್ ಒಂದು ಪೂರ್ತಿ ಸುತ್ತು, ಮೇಲೆ ಒಂಬತ್ತು ತೂತು. ಅಲ್ವಾ ಚಾಚಾ?” ಅಂದಳು. ನಾನು ಬೆಪ್ಪಾದೆ. ಮಗಳಿಗೆ ಶೆಡ್ಡಿನ ಬಾಗಿಲು ಮುಚ್ಚಿದವನು ನೀನು. ಊಟಕ್ಕೆ ಕೂತಾಗಲೆಲ್ಲ ಶೆಡ್ಡಿನ ಕಥೆಯನ್ನೇ ಹೇಳಿದವನೂ ನೀನೇ ಅಲ್ಲವೇನೋ?

“ಬೇಡ ಮಗಳೇ, ಮನೆಗೆ ಹೋಗು” ಅಂದೆ. ಅಂದದ್ದಂತೂ ನಿಜ. “ಅಬ್ಬಾ ಕೆಲ್ಸ ಅರ್ಧಕ್ಕೆ ಬಿಟ್ಟೋರಲ್ಲ. ಇದೊಂದು ಮುಗಿಸ್ಬಿಟ್ಟು ಹೋಗ್ತೀನಿ” ಎಂದು ಹ್ಯಾಂಡಲ್ ಹಿಡಿದಳು. ತೂತುಗಳ ತಟ್ಟೆಯ ಮೇಲೆ ಬೆರಳಿಟ್ಟು, ಥೇಟ್ ನಿನ್ನ ಹಾಗೆ ಜೋರಾಗಿ ಎಣಿಸತೊಡಗಿದಳು: “ಏಕ್, ದೋ, ತೀನ್...” ಆದರೆ ಹ್ಯಾಂಡಲಿನ ಪಿನ್ ಆಗಲೇ ಕೂತಿದ್ದ ತೂತನ್ನೇ ಒಂದು ಎಂದು ಹಿಡಿದಿದ್ದಳು.

ಆಗ ನಾನು ಸುಮ್ಮನಿರಬಹುದಿತ್ತು. ಒಂದು ತೂತು ಕಡಿಮೆ ಬಿದ್ದು, ಹಲ್ಲು ತೆಳ್ಳಗಾಗಿ ಗೇರು ಕೆಡುತ್ತಿತ್ತು. ಅವಳು ಅತ್ತು ಮನೆಗೆ ಹೋಗುತ್ತಿದ್ದಳು. ನಿನಗೆ ಕೊಟ್ಟ ಮಾತು ಉಳಿಯುತ್ತಿತ್ತು. ಆದರೆ ನೀನು ಕತ್ತರಿಸಿದ ಹಲ್ಲುಗಳ ಪಕ್ಕದಲ್ಲೇ ಕೆಟ್ಟ ಹಲ್ಲೊಂದು ಬೀಳುವುದನ್ನು ನೋಡಿಕೊಂಡು ಹೇಗೆ...

“ಪಿನ್ ಕೂತಿರೋ ತೂತು ಲೆಕ್ಕಕ್ಕಿಲ್ಲ ಕಣಮ್ಮಾ. ಅದರ ಮುಂದಿಂದ ಎಣಿಸು” ಅಂದುಬಿಟ್ಟೆ.

ಮಾತು ಮುರಿದದ್ದು ಅಲ್ಲೇ. ಗೇರು ಬೇಕರಿಗೆ ಹೋಯಿತು. ನಾಜ್ನೀನ್ ಮರುದಿನವೂ ಬಂದಳು.

ಶೋರೂಮಿನ ಕೆಲಸ ಬಿಟ್ಟು ಶೆಡ್ಡಿಗೆ ಬರುತ್ತಿದ್ದುದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಭಾಭಿ ಎದುರಾದಾಗ ಹೂವಿನ ಅಂಗಡಿ ಕಡೆ ಮುಖ ತಿರುಗಿಸಿಕೊಂಡೆ. ಇಷ್ಟು ವರ್ಷ ಅವರ ಕೈಯಡುಗೆ ಉಂಡವನು ನಾನು! ಒಂದು ದಿನ ಬಿಸಿ ಲೋಹದ ಚೂರು ಸಿಡಿದು ನಾಜ್ನೀನಳ ಮುಂಗೈ ಸುಟ್ಟಿತು. ಮುಲಾಮು ನಾನೇ ಹಚ್ಚಿದೆ. ಆಮೇಲೆ ತಡೆಯಲಾಗಲಿಲ್ಲ. ಶಿವಾಜಿನಗರದ ನಿಮ್ಮ ಮನೆಗೆ ಹೋದೆ.

“ಭಾಭಿ, ನಿಮ್ಮೆದುರೇ ಕೊಟ್ಟ ಮಾತು ತಪ್ಪಿದೀನಿ. ನಾಜ್ನೀನ್ ನಮ್ ಶೆಡ್ಡಲ್ಲೇ ಕೆಲ್ಸ ಮಾಡ್ತಿದಾಳೆ.”

ಭಾಭಿ ಟೀ ಲೋಟ ಮುಂದಿಟ್ಟರು. “ಗೊತ್ತು ಅಣ್ಣಾ. ಅವಳ ಬಟ್ಟೆ ಒಗೆಯೋಳು ನಾನಲ್ವಾ? ಆ ಎಣ್ಣೆ ವಾಸ್ನೆ ನಂಗೆ ಗೊತ್ತಾಗಲ್ವಾ? ನೀವೇ ಬಂದು ಹೇಳ್ತೀರಿ ಅಂತ ಕಾಯ್ತಿದ್ದೆ” ಅಂದರು.

ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ, ಯೂಸುಫ್. ಅವಳು ಶೆಡ್ಡಿಗೆ ಬರಲಿ ಅಂತ ಭಾಭಿ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಎದ್ದು ಬಂದೆ.

ಇವತ್ತು ಬೆಳಗ್ಗೆ ನಾಜ್ನೀನ್ ಹೊಸ ಕೋಟು ತೊಟ್ಟು ಬಂದಳು. ಭಾಭಿ ಹೊಲಿದದ್ದು. ಕಟರಿಗೆ ಸಿಕ್ಕದ ಹಾಗೆ ತೋಳುಗಳನ್ನು ಮಣಿಕಟ್ಟಿಗೆ ಬಿಗಿಯಾಗಿ ನಿಲ್ಲಿಸಿದ್ದಾರೆ. ಸ್ಕಾರ್ಫಿನ ಅಂಚು ಒಳಗೇ ಉಳಿಯಲೆಂದು ಕತ್ತಿನವರೆಗೂ ಗುಂಡಿ ಇಟ್ಟಿದ್ದಾರೆ.

ನಿನಗೆ ಸಿಟ್ಟಿದ್ದರೆ ಇರಲಿ ಪಾರ್ಟ್ನರ್, ನ್ಯಾಯವಾದದ್ದೇ. ಅವಳ ಕಟರ್ ತಿರುಗುವಷ್ಟು ಹೊತ್ತೂ ನಾನು ಮೆಷಿನ್ ನಿಲ್ಲಿಸುವ ಸ್ವಿಚ್ಚಿನ ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನ
ಮುನಿರಾಜು