ಕಣಗಿಲೆ ಮೇಲೆ ಕೂರಿಸಿದ ಪಟ್ಟೆಜೇನು

ಹೂಗಾವಲು ಕೇಂದ್ರ, ಚಿಂತಾಮಣಿ
ಫೆಬ್ರವರಿ 30, 2219

ಮಾನ್ಯ ವಿಭಾಕರ ಕೊರಟಗೆರೆಯವರೇ,

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಮಿಕ್ಕ ಐದು ದಿನ ಊರಿಗೆಲ್ಲ ರಜೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಇದರಾಚೆ ನಿಮ್ಮ ಹತ್ತಿರ ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ.

ನಾನು ಹೂಗಾವಲಿನವಳು. ಬೆಳಗ್ಗೆ ಆರಕ್ಕೆ ಗುಂಯ್‌ಕಡ್ಡಿ ಹಿಡಿದು ಬದನೆ ಸಾಲಿಗೆ ಇಳಿಯುತ್ತೇನೆ. ಬೆರಳುದ್ದದ ಈ ಕಡ್ಡಿಯನ್ನು ಹೂವಿಗೆ ತಾಗಿಸಿದರೆ ಗುಂಯ್ ಎಂದು ನಡುಗಿ ಪರಾಗ ಉದುರಿಸುತ್ತದೆ. ದಿನಕ್ಕೆ ನಾಲ್ಕು ಸಾವಿರ ಹೂವು. ಮಧ್ಯಾಹ್ನದ ಹೊತ್ತಿಗೆ ಮೊಣಕೈವರೆಗೆ ಜೋಮು ಹಿಡಿದು ಮುದ್ದೆ ಮುರಿಯಲೂ ಆಗುವುದಿಲ್ಲ. ನಿಮ್ಮ ಕಾಲದಲ್ಲಿ ಈ ಕೆಲಸವನ್ನು ಪಟ್ಟೆಜೇನು ಮಾಡುತ್ತಿತ್ತು. ಹೊಟ್ಟೆಯ ಮೇಲೆ ನೀಲಿ ಪಟ್ಟೆ, ಮಣ್ಣುಗೋಡೆಯಲ್ಲಿ ಗೂಡು. ಯಾರಿಗೂ ತಂಟೆ ಮಾಡದ ಜೀವ.

ಒಂಬತ್ತು ವರ್ಷದ ಹಿಂದೆ ನಮ್ಮ ಕೇಂದ್ರದ ಹಿಂದಿನ ಮುರುಕು ಗೋಡೆಯಲ್ಲಿ ನಲವತ್ತೊಂದು ಪಟ್ಟೆಜೇನು ಸಿಕ್ಕವು. ಇಡೀ ಸೀಮೆಯಲ್ಲಿ ಉಳಿದದ್ದು ಅಷ್ಟೇ. ಅವನ್ನು ಉಳಿಸಿ ಬೆಳೆಸುವ ಹೊಣೆ ನನ್ನ ಮೇಲೆ ಬಿತ್ತು. ಬದನೆ ಹೂವಿನಲ್ಲಿ ಮಕರಂದವಿಲ್ಲ, ಬೇರೆ ಯಾವ ಹೂವು ಕೊಡಬೇಕು ಎಂದು ಹೇಳುವವರಿರಲಿಲ್ಲ. ನಿಮ್ಮ ಕಾಲದ ಪುಸ್ತಕಗಳು ಬಹುಪಾಲು ಹಾಳಾಗಿವೆ. ಚಿತ್ರಗಳು ಮಾತ್ರ ರಾಶಿ ರಾಶಿ ಉಳಿದಿವೆ. ಅವನ್ನು ಕೂಡಿಟ್ಟ ಮನೆಗೆ ಬಿಂಬಖಾನೆ ಎನ್ನುತ್ತೇವೆ. ಅಲ್ಲಿ ನೀವು ತೆಗೆದ ಚಿತ್ರವೊಂದು ಸಿಕ್ಕಿತು.

ಅಬ್ಬಾ, ಎಂಥ ಚಿತ್ರ! ಗೋಡೆಯಷ್ಟಗಲ ಹಿಗ್ಗಿಸಿದರೂ ಕಾಲಿನ ಒಂದೊಂದು ರೋಮ ಎಣಿಸಬಹುದು. ಕೆಂಪು ಕಣಗಿಲೆಯ ಎಸಳಿನ ಮೇಲೆ ಪಟ್ಟೆಜೇನು. ಕೆಳಗೆ ನಿಮ್ಮದೇ ಒಕ್ಕಣೆ: ‘ತನ್ನ ನೆಚ್ಚಿನ ಹೂವಿನ ಮೇಲೆ.’ ಪ್ರಥಮ ಬಹುಮಾನದ ಮುದ್ರೆ ಬೇರೆ.

ನಾನು ನಂಬಿದೆ. ಗೋಡೆಯ ಸುತ್ತ ಕಣಗಿಲೆ ನೆಡಿಸಲು ಜಾಗ ಬೇಕಿತ್ತು. ಅಲ್ಲಿ ಕಳೆಯಂತೆ ಹಬ್ಬಿದ್ದ ತುಂಬೆಯನ್ನೆಲ್ಲ ಕಿತ್ತೆ. ನಮ್ಮ ಜೊತೆ ಕೆಲಸಕ್ಕಿದ್ದ ಪಿಳ್ಳಮ್ಮಜ್ಜಿ ನನ್ನ ಕೈ ಹಿಡಿದುಕೊಂಡಳು. “ಅಯ್ಯೋ, ತುಂಬೆ ಕೀಳ್ಬೇಡ ಕಣೇ ಮುನಿಲಕ್ಷ್ಮಿ! ಅವು ದಿನಾ ಅದುಕ್ಕೇ ಬರ್ತವೆ, ನಾನೇ ನೋಡಿವ್ನಿ.” ನಾನು ನಿಮ್ಮ ಚಿತ್ರವನ್ನು ಅವಳ ಮುಖದ ಮುಂದೆ ಹಿಡಿದು, “ಸುಮ್ನಿರಜ್ಜಿ, ನಿನ್ನ ಮಂಜುಗಣ್ಣಿಗಿಂತ ಇದು ಹತ್ರದಿಂದ ನೋಡೈತೆ” ಎಂದೆ. ಅವಳು ಕಿತ್ತುಬಿದ್ದ ಗಿಡಗಳ ಬೀಜ ಉದುರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮೂರು ವರ್ಷ ಕಣಗಿಲೆ ಗೊಂಚಲು ಗೊಂಚಲಾಗಿ ಅರಳಿತು. ಎರಡನೆಯ ವರ್ಷ ಪಟ್ಟೆಜೇನು ಹನ್ನೆರಡಕ್ಕಿಳಿದವು. ಮೂರನೆಯ ವರ್ಷ ಗೋಡೆಯ ತೂತುಗಳಲ್ಲಿ ಜೇಡ ಬಲೆ ಕಟ್ಟಿತು.

ನಾಲ್ಕು ತಿಂಗಳ ಹಿಂದೆ ಬಿಂಬಖಾನೆಯಲ್ಲಿ ನೀವು ಗೆಳೆಯರೊಬ್ಬರಿಗೆ ಬರೆದ ಸಂದೇಶ ಸಿಕ್ಕಿತು. ನಿಮ್ಮ ಮಾತನ್ನು ನಿಮಗೇ ಓದಿ ಹೇಳುತ್ತೇನೆ, ಕೇಳಿ: “ತುಂಬೆ ಮೇಲೆ ಸಿಕ್ತು ಗುರೂ. ಬಿಳಿ ಹೂ, ಫ್ಲ್ಯಾಶ್ ಹೊಡೆದ್ರೆ ಏನೂ ಕಾಣಲ್ಲ. ಹುಳಾನ ಹತ್ತು ನಿಮಿಷ ಫ್ರಿಜ್ಜಲ್ಲಿಟ್ಟು ಕಣಗಿಲೆ ಮೇಲೆ ಕೂರಿಸ್ದೆ. ಅಲ್ಲಾಡ್ಲೇ ಇಲ್ಲ! ಬಿಸಿ ಏರಿದಾಗೆಲ್ಲ ಮತ್ತೆ ಫ್ರಿಜ್ಜಿಗೆ. ನೂರನಲವತ್ತು ಶಾಟ್ ಆಗೋ ಹೊತ್ತಿಗೆ ಅದರ ಕಥೆ ಮುಗೀತು.”

ಮೈಯೆಲ್ಲ ಉರಿದುಹೋಯಿತು ಸ್ವಾಮಿ! ಒಂದು ಹುಳ ತಾನೆ ಎನ್ನುತ್ತೀರಿ, ಗೊತ್ತು. ಅದರ ಕಣ್ಣಿಗೆ ಕಣ್ಣಿಟ್ಟು ನೂರನಲವತ್ತು ಸಲ ನೋಡಿದಿರಲ್ಲ, ಅದು ಸಾಯುತ್ತಿದೆ ಎಂದು ಒಂದು ಸಲವಾದರೂ ಕಾಣಲಿಲ್ಲವೇ? ಹೋಗಲಿ, ‘ಫ್ರಿಜ್ಜಿನಲ್ಲಿಟ್ಟು ಕೂರಿಸಿದ್ದು, ಸಿಕ್ಕಿದ್ದು ತುಂಬೆಯ ಮೇಲೆ’ ಎಂದು ಒಂದು ಸಾಲು ಬರೆಯಲು ನಿಮ್ಮ ಗಂಟೇನು ಹೋಗುತ್ತಿತ್ತು? ಬಹುಮಾನ ಹೋಗುತ್ತಿತ್ತು, ಅಷ್ಟೇ ತಾನೆ! ತುಂಬೆ ಕಿತ್ತದ್ದು ನನ್ನ ಕೈ, ಅಜ್ಜಿಯ ಬಾಯಿ ಮುಚ್ಚಿಸಿದ್ದು ನನ್ನ ನಾಲಿಗೆ. ಅದನ್ನು ನಾನು ಹೊರುತ್ತೇನೆ. ಆದರೆ ಆ ಸುಳ್ಳು ನಿಮ್ಮದು.

ಪಿಳ್ಳಮ್ಮಜ್ಜಿ ಹೋದ ವರ್ಷ ತೀರಿಕೊಂಡಳು. ಅವಳು ಸೆರಗಿನಲ್ಲಿ ಕಟ್ಟಿಟ್ಟಿದ್ದ ಬೀಜ ಬಿತ್ತಿದ್ದೇನೆ. ತುಂಬೆ ಈಗ ಗೋಡೆಯ ಉದ್ದಕ್ಕೂ ಬೆಳ್ಳಗೆ ಅರಳಿದೆ. ದಿನಾ ಹೋಗಿ ನಿಲ್ಲುತ್ತೇನೆ. ಒಂದೂ ಬರುವುದಿಲ್ಲ.

ಈ ಕಾಗದ ಯಾವ ದಿನ ನಿಮ್ಮ ಕೈ ಸೇರುತ್ತದೋ ತಿಳಿಯದು. ಅದು ನೀವು ಆ ಚಿತ್ರ ತೆಗೆಯುವ ದಿನವೇ ಆಗಿದ್ದರೆ, ಕ್ಯಾಮೆರಾ ಕೆಳಗಿಡಿ. ಮೊದಲು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆಯಿರಿ.

ಮುನಿಲಕ್ಷ್ಮಿ